ಹಳೇ ಪಿಕಪ್‌ಗೆ ಪುಟ್ಟಿ ಮೆತ್ತುವ ಮೊದಲು: ಟಿಂಕರಿಂಗ್ ಕಲಿಯೋರಿಗೂ, ಮಾಡಿಸೋರಿಗೂ ಒಂದಿಷ್ಟು ಮಾಹಿತಿ

ಯಲ್ಲಾಪುರ: ಅಡಿಕೆ ಮೂಟೆ ಪೇಟೆಗೆ ಹೋಗೋದು, ಗೊಬ್ಬರ ತೋಟಕ್ಕೆ ಬರೋದು, ಅಂಗಡಿ ಸಾಮಾನು ಹಳ್ಳಿ ತಲುಪೋದು, ಎಲ್ಲಾ ಪಿಕಪ್‌ನಲ್ಲೇ. ಚಂದಗುಳಿಯಿಂದ ಹಿಡಿದು ಶಿರಸಿ, ಸಿದ್ದಾಪುರದ ಒಳಹಳ್ಳಿಗಳವರೆಗೆ ಹತ್ತು-ಹದಿನೈದು ವರ್ಷ ದುಡಿದ ಪಿಕಪ್‌ಗಳು ಇನ್ನೂ ಓಡುತ್ತಿವೆ. ಇವುಗಳ ಬಗ್ಗೆ ಗ್ಯಾರೇಜಲ್ಲಿ ಕೇಳಿಬರುವ ಮಾತು ಒಂದೇ: 'ಎಂಜಿನ್ ಗಟ್ಟಿ ಇದೆ, ಬಾಡಿ ಹೋಯ್ತು'.

ಹೋದ ಬಾಡಿಯನ್ನು ಉಳಿಸಬಹುದಾ? ಬಹಳಷ್ಟು ಸಲ ಉಳಿಸಬಹುದು. ಆದರೆ ತೂತಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯೋದು ಬೇರೆ, ರಿಪೇರಿ ಬೇರೆ. ಈ ಕೆಲಸ ಕಲಿಯಬೇಕೆಂದಿರುವ ಹುಡುಗರಿಗೂ, ದುಡ್ಡು ಕೊಟ್ಟು ಮಾಡಿಸುವ ಮಾಲೀಕರಿಗೂ ಈ ವ್ಯತ್ಯಾಸ ಗೊತ್ತಿರಬೇಕು.

ನಮ್ಮಲ್ಲಿ ತುಕ್ಕು ಯಾಕೆ ಬೇಗ?

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಚಂದಗುಳಿ ಗಣಪತಿಗೆ ಹರಕೆ ಒಪ್ಪಿಸಿದ ಕಂಚು, ಹಿತ್ತಾಳೆ ಘಂಟೆಗಳು ಮಳೆಗಾಲದ ತೇವದಲ್ಲಿ ಬಣ್ಣ ಕಂದಬಹುದು, ಕೆಂಪು ತುಕ್ಕು ಹಿಡಿಯೋದಿಲ್ಲ. ಅವುಗಳ ಮೂಲ ಲೋಹ ತಾಮ್ರ. ಪಿಕಪ್ ಬಾಡಿ ಹಾಗಲ್ಲ. ಅದು ಹೆಚ್ಚುಕಡಿಮೆ 1 ಮಿ.ಮೀ. ದಪ್ಪದ ಉಕ್ಕಿನ ತಗಡು. ಬಣ್ಣ ಎದ್ದಲ್ಲಿ ನೀರು ಒಳಗಿಳಿದು ಬಣ್ಣದ ಅಡಿಯಲ್ಲೇ ಹರಡುತ್ತದೆ. ಹೊರಗೆ ಸಣ್ಣ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ತಗಡು ಅರ್ಧ ಸವೆದಿರುತ್ತದೆ.

ಇದಕ್ಕೆ ಜೊತೆಯಾಗಿ ನಾವು ಹೇರುವ ಲೋಡು. ತೋಟಕ್ಕೆ ತರುವ ಪೊಟ್ಯಾಷ್ ಗೊಬ್ಬರ ಒಂದು ಬಗೆಯ ಉಪ್ಪೇ. ಘಟ್ಟದ ಕೆಳಗಿನಿಂದ ಬರುವ ಉಪ್ಪು, ಒಣಮೀನೂ ಹಾಗೇ. ಉಪ್ಪಿನ ಅಂಶ ಬಿದ್ದಲ್ಲಿ ತುಕ್ಕಿನ ವೇಗ ಹೆಚ್ಚುತ್ತದೆ. ಹಿಂದಿನ ಡಾಲಾದಲ್ಲಿ ಹಾಸಿದ ರಬ್ಬರ್ ಮ್ಯಾಟ್ ಅಡಿಯಲ್ಲಿ ಗೊಬ್ಬರದ ಪುಡಿ, ನೀರು ಎರಡೂ ನಿಂತರೆ ಎರಡು-ಮೂರು ಮಳೆಗಾಲದಲ್ಲಿ ತಗಡು ಜಾಳುಜಾಳಾಗುತ್ತದೆ.

ಮೊದಲು ನೋಡಬೇಕಾದ್ದು ಚಾಸಿ

ಪಿಕಪ್‌ನ ಕ್ಯಾಬಿನ್, ಡಾಲಾ ಎರಡೂ ಚಾಸಿ ಮೇಲೆ ಬೋಲ್ಟ್‌ನಲ್ಲಿ ಕೂತಿರುತ್ತವೆ. ಡಾಲಾ ತೂತಾದರೆ ನಷ್ಟ, ಚಾಸಿ ತೂತಾದರೆ ಜೀವಕ್ಕೇ ಅಪಾಯ. ಅರಬೈಲ್ ಘಾಟಿನಲ್ಲಿ ಲೋಡು ಹೊತ್ತು ಇಳಿಯುವಾಗ ಭಾರವೆಲ್ಲ ತಡೆಯುವುದು ಚಾಸಿ ಮತ್ತು ಪಾಟಾ ಕೂರುವ ಬ್ರಾಕೆಟ್‌ಗಳು.

ಹಾಗಾಗಿ ಗಾಡಿ ಅಡಿಗೆ ಹೋಗಿ ಮಣ್ಣು ತೊಳೆದು, ಸಣ್ಣ ಸುತ್ತಿಗೆಯಿಂದ ಚಾಸಿ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಬೊದ್ದು ಶಬ್ದ ಬಂದರೆ, ಪದರ ಪದರವಾಗಿ ಉದುರಿದರೆ ಅಲ್ಲಿ ಮನೆಯಲ್ಲಿ ಕಲಿಯೋರ ಕೆಲಸ ಇಲ್ಲ, ಅನುಭವಸ್ಥರಿಗೇ ತೋರಿಸಬೇಕು. ಪಕ್ಕದಲ್ಲೇ ಹಾದುಹೋಗುವ ಬ್ರೇಕ್ ಪೈಪಿಗೆ ತುಕ್ಕು ಹಿಡಿದಿದೆಯಾ ಎಂಬುದನ್ನೂ ಆಗಲೇ ನೋಡಿಬಿಡಿ.

ಹಳೇ ಗಾಡಿ ಕೊಳ್ಳೋರಿಗೆ ಇನ್ನೊಂದು ಉಪಾಯ. ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿ. ತಗಡಿದ್ದಲ್ಲಿ ಅಂಟುತ್ತದೆ, ದಪ್ಪ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಹೊಸ ಬಣ್ಣದ ಹೊಳಪು ನೋಡಿ ಅಡ್ವಾನ್ಸ್ ಕೊಡೋ ಮೊದಲು ಎರಡು ನಿಮಿಷದ ಈ ಪರೀಕ್ಷೆ ಮಾಡಿ.

ಕೆಲಸದ ಕ್ರಮ

1. ಕೆರೆಯುವುದು: ಗ್ರೈಂಡರ್‌ಗೆ ವೈರ್ ಬ್ರಶ್ ಹಾಕಿ ಹೊಳೆಯುವ ತಗಡು ಕಾಣುವವರೆಗೆ ತುಕ್ಕು ತೆಗೆಯಬೇಕು. ತುಕ್ಕಿನ ಮೇಲೆ ಹೊಡೆದ ಬಣ್ಣ ಎಷ್ಟೇ ದುಬಾರಿಯದಾದರೂ ಮುಂದಿನ ಮಳೆಗೆ ಏಳುತ್ತದೆ.

2. ಕತ್ತರಿಸಿ ತೇಪೆ: ತೂತಿನ ಸುತ್ತ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತುಂಡು ಕೂರಿಸಿ ವೆಲ್ಡ್ ಮಾಡಬೇಕು. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ತೆಳು ತಗಡನ್ನು ಸುಟ್ಟು ತೂತು ದೊಡ್ಡದು ಮಾಡುತ್ತದೆ. ಗ್ಯಾಸ್ ಅಥವಾ ಸಿಒಟು ವೆಲ್ಡಿಂಗ್ ಒಳ್ಳೆಯದು. ಒಂದೇ ಗೆರೆ ಎಳೆಯದೆ, ದೂರ ದೂರ ಚುಕ್ಕೆ ಇಟ್ಟು, ತಣಿಯಲು ಬಿಟ್ಟು ಸೇರಿಸುತ್ತಾ ಹೋಗಬೇಕು. ಇಲ್ಲವಾದರೆ ಬಿಸಿಗೆ ತಗಡು ಡೊಂಕಾಗುತ್ತದೆ.

3. ಡೆಂಟ್ ತೆಗೆಯುವುದು: ಒಳಗಿನಿಂದ ಡಾಲಿ ಹಿಡಿದು ಹೊರಗಿನಿಂದ ಮೆಲ್ಲಗೆ ಸುತ್ತಿಗೆ. ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ಜೋರಾಗಿ ಬಡಿದರೆ ತಗಡು ಹಿಗ್ಗಿ, ಬೆರಳಲ್ಲಿ ಒತ್ತಿದರೆ ಟಕ್ ಟಕ್ ಅಂತ ಒಳಗೆ ಹೊರಗೆ ಆಡುತ್ತದೆ. ಟಿಂಕರ್ ಕೈಚಳಕ ಗೊತ್ತಾಗೋದೇ ಇಲ್ಲಿ.

4. ಪುಟ್ಟಿ: ಇದು ಸಣ್ಣ ಏರುತಗ್ಗು ಸಮ ಮಾಡಲು ಮಾತ್ರ. 2-3 ಮಿ.ಮೀ.ಗಿಂತ ದಪ್ಪ ಬೇಡ. ಹಾರ್ಡನರ್ ಪುಟ್ಟಿಯ ತೂಕದ ನೂರಕ್ಕೆ ಎರಡು ಪಾಲು ಸಾಕು. ಬೇಗ ಒಣಗಲಿ ಅಂತ ಹೆಚ್ಚು ಸುರಿದರೆ ಮುಂದೆ ಬಿರುಕು ಬಿಡುತ್ತದೆ, ಬಣ್ಣದ ಮೇಲೆ ಕಲೆಯೂ ಏಳುತ್ತದೆ.

5. ಉಜ್ಜುವುದು: 80ನೇ ನಂಬರಿನ ಪೇಪರ್‌ನಿಂದ ಶುರು ಮಾಡಿ 180, 320 ಹೀಗೆ ನಯ ಮಾಡುತ್ತಾ ಹೋಗಬೇಕು. ಪುಟ್ಟಿ ನೀರು ಹೀರುತ್ತದೆ, ಅದಕ್ಕೇ ಅದನ್ನು ಒಣಗಿದ್ದಾಗಲೇ ಉಜ್ಜಬೇಕು. ನೀರು ಹಾಕಿ ಉಜ್ಜುವ ಕೆಲಸ ಪ್ರೈಮರ್ ಆದ ಮೇಲೆ.

6. ಪ್ರೈಮರ್, ಬಣ್ಣ: ಕೆರೆದ ತಗಡನ್ನು ರಾತ್ರಿಯಿಡೀ ಬರಿದೇ ಬಿಡಬೇಡಿ, ಮಲೆನಾಡಿನ ಇಬ್ಬನಿಗೆ ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ಬಣ್ಣದ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ. ಗಾಳಿಯ ತೇವ ಬಣ್ಣದ ಮೇಲೆ ಕೂತು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನವೆಂಬರ್‌ನಿಂದ ಏಪ್ರಿಲ್ ಒಳಗೆ, ಬಿಸಿಲೇರಿದ ಮೇಲೆ ಹೊಡೆದರೆ ಕೆಲಸ ನಿಲ್ಲುತ್ತದೆ.

ಎಚ್ಚರ ತಪ್ಪಬೇಡಿ

ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಡೀಸೆಲ್ ಟ್ಯಾಂಕ್ ಹತ್ತಿರ ಕೆಲಸ ಇದ್ದರೆ ಟ್ಯಾಂಕನ್ನೇ ಬಿಚ್ಚಿ ದೂರ ಇಡಿ. 'ಖಾಲಿ ಇದೆ, ಏನಾಗಲ್ಲ' ಅನ್ನೋದು ತಪ್ಪು. ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯೋದು. ಸೀಟು, ಮ್ಯಾಟು ತೆಗೆದಿಟ್ಟು, ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ.

ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣದ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅಸ್ತಮಾ ತರಬಲ್ಲದು. ಮೂಗಿಗೆ ಟವೆಲ್ ಕಟ್ಟಿದರೆ ಅದು ತಡೆಯೋದಿಲ್ಲ. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು. ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡ ಗ್ಯಾರೇಜ್ ಮಾಲೀಕರು ಇದನ್ನು ಖರ್ಚು ಅಂದುಕೊಳ್ಳಬಾರದು.

ಕಾಗದಪತ್ರದ ವಿಷಯ

ಹಳದಿ ಬೋರ್ಡಿನ ಗಾಡಿಗೆ 8 ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್ನೆಸ್ ಸರ್ಟಿಫಿಕೇಟ್ ಆಗಬೇಕು. ಬಾಡಿ ಕೆಲಸವನ್ನು ಎಫ್‌ಸಿ ದಿನಾಂಕ ನೋಡಿಕೊಂಡೇ ಹಮ್ಮಿಕೊಳ್ಳಿ. ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಬೇರೆ ಬಣ್ಣ ಹೊಡೆಸುವುದಾದರೆ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲೂ ಬದಲಾಯಿಸಿಕೊಳ್ಳಿ. ಮಿಲಿಟರಿ ಗಾಡಿಯ ಆಲಿವ್ ಹಸಿರು ಬಣ್ಣವನ್ನು ರಕ್ಷಣಾ ಇಲಾಖೆ ಬಿಟ್ಟು ಬೇರೆ ಯಾರೂ ಹೊಡೆಸುವಂತಿಲ್ಲ.

ಮುಖ್ಯವಾದ ಇನ್ನೊಂದು ಮಾತು: ಚಾಸಿ ನಂಬರ್ ಕೆತ್ತಿದ ಜಾಗಕ್ಕೆ ಗ್ರೈಂಡರ್ ತಾಗಿಸಲೇಬಾರದು. ನಂಬರ್ ಅಳಿಸಿದರೆ ನಿಮ್ಮದೇ ಗಾಡಿ ನಿಮ್ಮದು ಅಂತ ಸಾಬೀತು ಮಾಡೋದೇ ಕಷ್ಟವಾಗುತ್ತದೆ.

ಎಲ್ಲಿ ಕಲಿಯೋದು?

ಐಟಿಐನಲ್ಲಿ ಆಟೋ ಬಾಡಿ ರಿಪೇರಿ ಮತ್ತು ಆಟೋ ಬಾಡಿ ಪೇಂಟಿಂಗ್ ಎಂಬ ಒಂದೊಂದು ವರ್ಷದ ಟ್ರೇಡ್‌ಗಳಿವೆ. ಎಲ್ಲ ಐಟಿಐಗಳಲ್ಲೂ ಇವು ಇರೋದಿಲ್ಲ, ಸೇರುವ ಮೊದಲು ವಿಚಾರಿಸಿ. ಸಿಗದಿದ್ದರೆ ಒಂದು ವರ್ಷದ ವೆಲ್ಡರ್ ಟ್ರೇಡ್ ಕೂಡ ಒಳ್ಳೇ ಬುನಾದಿ. ಗ್ರಾಮೀಣ ಯುವಕರಿಗೆ ಉಚಿತ ಸ್ವಉದ್ಯೋಗ ತರಬೇತಿ ಕೊಡುವ ಆರ್‌ಸೆಟಿ ಸಂಸ್ಥೆ ನಮ್ಮ ಜಿಲ್ಲೆಯ ಹಳಿಯಾಳದಲ್ಲಿದೆ. ಅಲ್ಲಿ ಈ ವರ್ಷದ ತರಬೇತಿ ಪಟ್ಟಿ ಕೇಳಿ ನೋಡಬಹುದು.

ಸರ್ಟಿಫಿಕೇಟ್ ಇದ್ದರೂ ಕೈ ಕುದುರೋದು ಗ್ಯಾರೇಜಿನಲ್ಲೇ. ಗುಜರಿಯಿಂದ ಹಳೇ ಬಾಗಿಲೊಂದನ್ನು ತಂದು, ಅದರ ಮೇಲೆ ಕೆರೆದು, ತೇಪೆ ಹಾಕಿ, ಪುಟ್ಟಿ ಬಳಿದು ಅಭ್ಯಾಸ ಮಾಡಿ. ಹಾಳಾದರೆ ಹೋಗೋದು ಗುಜರಿ ಬಾಗಿಲು, ಗಿರಾಕಿಯ ಗಾಡಿಯಲ್ಲ.

ಮಾಡಿಸಿದ ಮೇಲೆ

ಗೊಬ್ಬರ, ಉಪ್ಪು ಇಳಿಸಿದ ದಿನವೇ ಡಾಲಾ ತೊಳೆಯಿರಿ, ಮ್ಯಾಟ್ ಎತ್ತಿ ಒಣಗಿಸಿ. ಬಾಗಿಲಿನ ತಳದಲ್ಲಿ ನೀರು ಹೋಗಲು ಇರುವ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿ. ಗಾಡಿ ಅಡಿಗೆ ಸುಟ್ಟ ಆಯಿಲ್ ಹೊಡೆಸುವ ರೂಢಿ ಇದೆ. ಅದು ರಬ್ಬರ್ ಬುಶ್ ಹಾಳು ಮಾಡುತ್ತದೆ, ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯೋದಿಲ್ಲ. ಅದರ ಬದಲು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ. ಮೇ ತಿಂಗಳಲ್ಲಿ ಒಂದು ದಿನ ಗಾಡಿ ಅಡಿಗೆ ಹೋಗಿ, ಬಣ್ಣ ಎದ್ದ ಜಾಗಕ್ಕೆ ಪ್ರೈಮರ್ ಹಚ್ಚಿಬಿಟ್ಟರೆ ಆ ಮಳೆಗಾಲಕ್ಕೆ ನಿಶ್ಚಿಂತೆ.