ಕೊಯ್ಲು ಮುಗಿದ ಮೇಲೆ ಒಂದು ಹಡಗಿನ ಪ್ರಯಾಣ

ತೋಟದವನಿಗೆ ರಜೆ ಎಂಬುದಿಲ್ಲ. ಅಡಿಕೆ ಸುಲಿತ ಮುಗಿಯುವಾಗ ರೊಬಸ್ಟಾ ಹಣ್ಣಾಗಿರುತ್ತದೆ. ಕಾಫಿ ಕಣದಿಂದ ಎದ್ದರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ. ಅದು ಮುಗಿದರೆ ಬೋರ್ಡೋ ಸಿಂಪಡಣೆಯ ಚಿಂತೆ. ‘ಬರುವ ವರ್ಷ ಹೋಗೋಣ’ ಎಂದು ಮನೆಯವರಿಗೆ ಹೇಳುತ್ತಲೇ ಹತ್ತು ವರ್ಷ ಕಳೆದವರು ನಮ್ಮಲ್ಲಿ ಅನೇಕರು. ಅಂಥವರಿಗಾಗಿ, ಐದಾರು ದಿನಗಳಲ್ಲಿ ಮುಗಿಯುವ ಲಕ್ಷದ್ವೀಪದ ಹಡಗು ಪ್ರವಾಸದ ಬಗ್ಗೆ ಕೆಲವು ಮಾತು.

ಈ ದ್ವೀಪಗಳು ನಮಗೆ ಹೊಸಬರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಸರಕಾರಕ್ಕೆ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಒಟ್ಟು 36 ದ್ವೀಪಗಳು, ಜನವಸತಿ ಇರುವುದು ಹತ್ತರಲ್ಲಿ, ನೆಲವೆಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರು.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಕಡಲು ಕೆರಳಿರುತ್ತದೆ. ಪ್ರವಾಸದ ಮಾತೇ ಬೇಡ. ಸಮುದ್ರ ಶಾಂತವಾಗಿರುವ ಡಿಸೆಂಬರ್, ಜನವರಿಯಲ್ಲಿ ನಮಗೆ ಕೊಯ್ಲು. ಆದ್ದರಿಂದ ರೊಬಸ್ಟಾಕ್ಕೆ ಹೂವಿನ ನೀರು, ಬ್ಯಾಕಿಂಗ್ ನೀರು ಎರಡೂ ಮುಗಿದ ಮೇಲೆ, ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನ ದಿನಗಳೇ ಅನುಕೂಲ. ಅಡಿಕೆ ತೋಟಕ್ಕೆ ಮಾತ್ರ ಆಗ ನೀರು ತಪ್ಪಿಸುವಂತಿಲ್ಲ. ಪಂಪು ನೋಡಿಕೊಳ್ಳುವವರನ್ನು ಗೊತ್ತುಮಾಡಿ, ಹೊರಡುವ ಮೊದಲು ಒಂದು ಸರದಿ ಅವರ ಕೈಯಲ್ಲೇ ಮಾಡಿಸಿ ನೋಡಿ. ನಡುಗಡಲಿನಲ್ಲಿ ಫೋನು ಸಿಗುವುದಿಲ್ಲ. ಅಲ್ಲಿಂದ ‘ಫ್ಯೂಸ್ ನೋಡು’ ಎಂದು ಹೇಳಲಾಗದು. ನೆರೆಯ ಇಬ್ಬರು ಬೆಳೆಗಾರರು ಸರದಿಯಲ್ಲಿ ಹೋಗಿ, ಒಬ್ಬರ ತೋಟ ಇನ್ನೊಬ್ಬರು ನೋಡಿಕೊಂಡರೆ ಎಲ್ಲಕ್ಕಿಂತ ಉತ್ತಮ.

ಸಿದ್ಧತೆ

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಪ್ರವಾಸಗಳನ್ನು ನಡೆಸುವ ಅಲ್ಲಿನ ಸರಕಾರಿ ಸಂಸ್ಥೆ ‘ಸ್ಪೋರ್ಟ್ಸ್’ನ ಕಚೇರಿ ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿದೆ. ಹಡಗಿನ ವೇಳಾಪಟ್ಟಿ, ದರ, ಬೇಕಾದ ಕಾಗದಪತ್ರ ವರ್ಷ ವರ್ಷ ಬದಲಾಗುವುದರಿಂದ ಎರಡು ಮೂರು ತಿಂಗಳು ಮೊದಲೇ ಅಲ್ಲಿ ವಿಚಾರಿಸಿ. ಕೈಗೆ ರಸೀತಿಯೂ ಪರವಾನಗಿಯೂ ಬರುವವರೆಗೆ ರೈಲಿನ ಟಿಕೆಟಿಗೆ ಅವಸರ ಬೇಡ. ಮಂಗಳೂರಿನಿಂದ ಸಂಜೆ ರೈಲು ಹತ್ತಿದರೆ ಬೆಳಗಾಗುವ ಹೊತ್ತಿಗೆ ಎರ್ನಾಕುಲಂ ತಲುಪಬಹುದು. ಆದರೂ ಹಡಗು ಹೊರಡುವ ಹಿಂದಿನ ದಿನವೇ ಅಲ್ಲಿರುವುದು ಕ್ಷೇಮ. ಹಡಗು ಯಾರಿಗೂ ಕಾಯುವುದಿಲ್ಲ.

ಖರ್ಚಿಗೆ ಒಂದೇ ನಿಯಮ: ಬೆಳೆಸಾಲದ ಹಣ ಮುಟ್ಟಬೇಡಿ. ಅಡಿಕೆ ಮಾರಿದಾಗಲೆಲ್ಲ ಸ್ವಲ್ಪ ತೆಗೆದು ಬೇರೆ ಖಾತೆಯಲ್ಲಿಟ್ಟರೆ ಎರಡು ಬೆಳೆಯಲ್ಲಿ ದಾರಿ ಆಗುತ್ತದೆ.

ಹಡಗಿನಲ್ಲಿ

‘ಸಮುದ್ರಂ’ ಎಂಬ ಪ್ರವಾಸದ ಕ್ರಮ ಹೀಗೆ: ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ದ್ವೀಪದಲ್ಲಿ ತಿರುಗಾಟ. ಹೊಟ್ಟೆ ತೊಳಸುವ ಭಯವಿದ್ದವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆ ಕೇಳಿ ಪಡೆಯಿರಿ. ಅಲ್ಲಿ ತೂಗಾಟ ಕಡಿಮೆ. ಮಾತ್ರೆಯನ್ನು ಹಡಗು ಹೊರಡುವ ಅರ್ಧ, ಒಂದು ಗಂಟೆ ಮೊದಲೇ ನುಂಗಬೇಕು, ವಾಂತಿ ಶುರುವಾದ ಮೇಲೆ ಫಲವಿಲ್ಲ. ಗ್ಲಾಕೋಮ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಬರಿಹೊಟ್ಟೆಯೂ ಬೇಡ, ಬಿರಿಯುವ ಊಟವೂ ಬೇಡ. ಸಂಕಟವಾದರೆ ಹೊರಗೆ ಬಂದು ದೂರದ ದಿಗಂತ ನೋಡುತ್ತ ಕೂರಿ. ಸಸ್ಯಾಹಾರಿಗಳು ಟಿಕೆಟ್ ಮಾಡುವಾಗಲೇ ತಿಳಿಸಿರಿ. ಕವಳ ಹಾಕುವವರು ಅಟ್ಟದಿಂದ ಉಗುಳಲು ಹೋಗಬೇಡಿ. ಕಡಲಗಾಳಿ ಅದನ್ನು ಉಗುಳಿದವರ ಅಂಗಿಗೇ ಮರಳಿಸುತ್ತದೆ.

ಎಚ್ಚರ ಬೇಕಾದ ಜಾಗ ಒಂದೇ. ಸುತ್ತ ಹವಳದ ದಿಬ್ಬವಿರುವುದರಿಂದ ದೊಡ್ಡ ಹಡಗು ಹೆಚ್ಚಾಗಿ ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿ ಇಳಿಯುತ್ತಿರುತ್ತದೆ. ಅದು ಮೇಲೆ ಬಂದ ಕ್ಷಣದಲ್ಲಿ ನಾವಿಕ ಹೇಳಿದಂತೆ ಕಾಲಿಡಬೇಕು. ಎರಡೂ ಕೈ ಖಾಲಿ ಇರಲಿ, ಚೀಲ ಬೆನ್ನಿಗಿರಲಿ. ಜೀವರಕ್ಷಕ ಜಾಕೆಟ್ ಇಲ್ಲದೆ ಇಳಿಯಬೇಡಿ.

ನೋಡತಕ್ಕದ್ದು

ಕವರತ್ತಿಯಲ್ಲಿ ಮರದ ಕೆತ್ತನೆಗೆ ಹೆಸರಾದ ಉಜ್ರಾ ಮಸೀದಿಯಿದೆ. 2005ರಿಂದ ಅಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಘಟಕವೊಂದು ಬಂದಿದೆ. ಕಡಲ ಮೇಲ್ಮೈಯ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದೆತ್ತಿದ ತಣ್ಣೀರಿನಿಂದ ಆ ಆವಿಯನ್ನು ತಣಿಸುವ ಉಪಾಯ. ಬೋರ್‌ವೆಲ್ ಬತ್ತಿಸಿಕೊಂಡ ನಾವು ನೋಡಬೇಕಾದದ್ದೇ. ಕಲ್ಪೇನಿಯ ದಂಡೆಯಲ್ಲಿ 1847ರ ಬಿರುಗಾಳಿ ಎಸೆದ ಹವಳದ ಕಲ್ಲುಗಳ ರಾಶಿ ಇಂದಿಗೂ ಇದೆ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ. ಅಲ್ಲಿನ ಮಾತು ಮಲಯಾಳವಲ್ಲ, ಮಾಲ್ಡೀವ್ಸ್‌ನವರ ಭಾಷೆಗೆ ಸೇರಿದ ಮಹಲ್. ಎಲ್ಲೆಲ್ಲೂ ತೆಂಗು, ಮಣ್ಣೆಂದರೆ ಹವಳದ ಮರಳು.

ಹವಳದ ಒಂದು ಚೂರನ್ನೂ ತರಬಾರದು, ಅದು ಅಪರಾಧ. ಜನವಸತಿಯ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಊರೊಳಗೆ ಮೈಮುಚ್ಚುವ ಉಡುಪಿರಲಿ. ನಗದು ಹಣ ಸಾಕಷ್ಟು ಒಯ್ಯಿರಿ.

ಕೊನೆಗೊಂದು ಮಾತು. ನಮ್ಮೂರಿನ ಹಿರಿಯ ಬೆಳೆಗಾರರೊಬ್ಬರು ಮಗಳ ಮದುವೆ, ಮನೆ, ಹೊಸ ತೋಟ ಎಂದು ಈ ಪ್ರವಾಸ ಮುಂದೂಡುತ್ತ ಬಂದರು. ಈಗ ಹಣವಿದೆ, ಮಗ ತೋಟ ನೋಡಿಕೊಳ್ಳುತ್ತಾನೆ. ಆದರೆ ಅವರ ಪತ್ನಿಯ ಮಂಡಿ ದೋಣಿಗೆ ಇಳಿಯಲು ಬಿಡುವುದಿಲ್ಲ. ‘ನೀವು ಹೋಗಿ ಬನ್ನಿ’ ಎಂದರಂತೆ ಆಕೆ, ಅವರು ಹೋಗಲಿಲ್ಲ. ಸಿಂಪಡಣೆಯ ದಿನವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ನಾವು, ಅದರ ಪಕ್ಕದಲ್ಲೇ ಈ ದಿನವನ್ನೂ ಬರೆದಿಡೋಣ. ಕಾಲು ಗಟ್ಟಿ ಇರುವಾಗಲೇ.