ಗೂಬೆಗಳ ಆರೈಕೆಯ ಮನೆ

ತಪ್ಪು ಮಾಡದವನ ಮೇಲೆ ತಪ್ಪು ಹೊರಿಸುವುದನ್ನು ನಮ್ಮಲ್ಲಿ 'ಗೂಬೆ ಕೂರಿಸುವುದು' ಎನ್ನುವುದು ವಾಡಿಕೆ. ಆದರೆ ಗೂಬೆಯ ತಲೆಯ ಮೇಲೆಯೇ ನಾವು ಎಷ್ಟು ಗೂಬೆಗಳನ್ನು ಕೂರಿಸಿದ್ದೇವೆಂಬುದನ್ನು ವಾಚಕರು ಆಲೋಚಿಸಿರಲಾರರು. ಅದು ಮನೆ ಹೊಕ್ಕರೆ ಮನೆ ಬಿಡಬೇಕು, ಸೂರಿನ ಮೇಲೆ ಕೂಗಿದರೆ ಸಾವು ಎಂಬ ಮಾತುಗಳನ್ನು ಕೇಳಿಯೇ ಬೆಳೆದವರು ನಾವು. ಪಂಚತಂತ್ರದಲ್ಲಿ ಹಕ್ಕಿಗಳೆಲ್ಲ ಕೂಡಿ ಗೂಬೆಗೆ ಪಟ್ಟ ಕಟ್ಟಲು ಹೊರಟಾಗ, ಅದರ ಮೋರೆಯನ್ನು ಹಳಿದು ಪಟ್ಟವನ್ನು ತಪ್ಪಿಸಿದುದು ಕಾಗೆ. ಕಾಗೆಯ ಆ ತೀರ್ಪನ್ನೇ ನಾವು ಇಂದಿಗೂ ಎತ್ತಿಹಿಡಿದಿದ್ದೇವೆ. ಕಣಾದ ಮಹರ್ಷಿಯ ವೈಶೇಷಿಕಕ್ಕೆ ಔಲೂಕ್ಯದರ್ಶನವೆಂಬ ಹೆಸರೂ ಉಂಟೆಂಬುದನ್ನಾಗಲಿ, ಬಂಗಾಳದವರಿಗೆ ಗೂಬೆಯು ಲಕ್ಷ್ಮಿಯ ವಾಹನವೆಂಬುದನ್ನಾಗಲಿ ಯಾರೂ ನೆನೆಯುವುದಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾನು ಉಪಾಧ್ಯಾಯನಾಗಿದ್ದ ಹಳ್ಳಿಯ ಪಾಳುಗುಡಿಯ ಗೋಡೆಯಿಂದ ಕಣಜಗೂಬೆಯ ಮರಿಯೊಂದು ಕೆಳಗೆ ಬಿದ್ದಿತು. ಹುಡುಗರು ಕಲ್ಲೆತ್ತಿಕೊಂಡಿದ್ದರು. ನಾನು ಅವರನ್ನು ಗದರಿಸಿ, ಮರಿಯನ್ನು ಅಂಗವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆನು. ಮನೆಯಾಕೆ ಮೊದಲು ಬೆದರಿದರೂ ಆಮೇಲೆ ಮರುಗಿ ಹಸುವಿನ ಹಾಲನ್ನು ಕಾಯಿಸಿ ಕೊಟ್ಟಳು. ಹತ್ತಿಯನ್ನು ಅದ್ದಿ ಅದರ ಕೊಕ್ಕಿಗೆ ಹಿಂಡಿದೆವು. ಮೂರನೆಯ ಬೆಳಗ್ಗೆ ಅದು ಸತ್ತಿದ್ದಿತು. ಆಯುಸ್ಸು ಅಷ್ಟೇ ಎಂದು ಸಮಾಧಾನಪಟ್ಟುಕೊಂಡೆನು.

ಆ ಸಮಾಧಾನವು ಕಳೆದ ಆಷಾಢದವರೆಗೆ ಉಳಿದಿದ್ದಿತು. ಬೆಂಗಳೂರಿನಲ್ಲಿ ಮಗಳ ಮನೆಯ ಮುಂದಿನ ಮರದಲ್ಲಿ, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ ಕಣಜಗೂಬೆಯೊಂದು ತೂಗಾಡುತ್ತಿದ್ದಿತು. ನೆರೆಯವರು ದೂರವಾಣಿಯಲ್ಲಿ ತಿಳಿಸಲು, ವನ್ಯಜೀವಿಗಳ ಶುಶ್ರೂಷೆಯವರು ಬಂದು ಅದನ್ನು ಬಿಡಿಸಿಕೊಂಡು ಹೋದರು. ಪೀಪಲ್ ಫಾರ್ ಆನಿಮಲ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ನಡೆಸುತ್ತಿರುವಂತಹ ಆಸ್ಪತ್ರೆಗಳು ಇದಕ್ಕಾಗಿಯೇ ಇರುವುವೆಂದು ಆಗ ತಿಳಿದೆನು. ಮರುವಾರ ಹಕ್ಕಿಯ ಸ್ಥಿತಿಯನ್ನು ವಿಚಾರಿಸಹೋದ ನನಗೆ ಅಲ್ಲಿಯವರು ಅನೇಕ ವಿಷಯಗಳನ್ನು ತಾಳ್ಮೆಯಿಂದ ತಿಳಿಸಿದರು.

ಇಂತಹ ಮನೆಗಳ ಮೊದಲನೆಯ ಔಷಧವು ಕತ್ತಲೆ ಮತ್ತು ಮೌನ. ಸವರುವುದೂ ಮುದ್ದುಮಾಡುವುದೂ ಹಕ್ಕಿಗೆ ಭಯವನ್ನೇ ಹೆಚ್ಚಿಸುವುವು. ಆಹಾರವು ಇಡಿಯ ಇಲಿ. ಏಕೆಂದರೆ ಗೂಬೆಗೆ ಬೇಕಾದ ಸುಣ್ಣದ ಅಂಶವು ಎಲುಬಿನಲ್ಲಿರುವುದು. ಜೀರ್ಣವಾಗದ ಕೂದಲು ಮೂಳೆಗಳನ್ನು ಅದು ಉಂಡೆಗಟ್ಟಿ ಹೊರಗೆ ಕಾರುತ್ತದೆ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿಯು ಹಕ್ಕಿಗಳಿಗಿಲ್ಲ. ಬಾಯಿಗೆ ಹಿಂಡಿದ ದ್ರವವು ಶ್ವಾಸನಾಳಕ್ಕೆ ಇಳಿದು ಪ್ರಾಣವನ್ನೇ ತೆಗೆಯಬಹುದು. ಇದನ್ನು ಕೇಳಿದಾಗ ನನಗೆ ಹಳ್ಳಿಯ ಆ ಮರಿಯು ನೆನಪಿಗೆ ಬಂದಿತು. ಕಲ್ಲೆತ್ತಿದ ಹುಡುಗರನ್ನು ಗದರಿಸಿದ ಕೈಯೇ ಅದಕ್ಕೆ ಹಾಲೆರೆದಿದ್ದಿತಲ್ಲವೆ!

ಗೂಬೆಯ ಕಣ್ಣು ಗೂಡಿನಲ್ಲಿ ಹೊರಳದು. ಅದಕ್ಕೆಂದೇ ನಮಗೆ ಏಳಿರುವ ಕುತ್ತಿಗೆಯ ಮೂಳೆಗಳು ಅದಕ್ಕೆ ಹದಿನಾಲ್ಕು. ತಲೆಯನ್ನು 270 ಅಂಶಗಳವರೆಗೆ ತಿರುಗಿಸಬಲ್ಲುದು. ಕಣಜಗೂಬೆಯ ಎರಡು ಕಿವಿಗಳು ಒಂದೇ ಮಟ್ಟದಲ್ಲಿಲ್ಲದಿರುವುದರಿಂದ, ಗಾಢಾಂಧಕಾರದಲ್ಲಿಯೂ ಸದ್ದನ್ನು ಹಿಡಿದೇ ಇಲಿಯ ಮೇಲೆ ಎರಗುವುದು. ಅದರ ಗರಿಯಂಚಿನ ಬಾಚಣಿಗೆಯಂತಹ ಎಳೆಗಳು ಹಾರಾಟದ ಸದ್ದನ್ನು ಅಡಗಿಸುವುವು. ಆದುದರಿಂದ ಗಾಯವು ಮಾಯ್ದರಷ್ಟೇ ಸಾಲದು. ದೊಡ್ಡ ಪಂಜರದಲ್ಲಿ ಸದ್ದಿಲ್ಲದೆ ಹಾರಿ, ತನ್ನ ಬೇಟೆಯನ್ನು ತಾನೇ ಹಿಡಿಯಬಲ್ಲುದೆಂದು ಕಂಡ ಮೇಲೆಯೇ ಅದನ್ನು ಮುಸ್ಸಂಜೆಯಲ್ಲಿ, ಸಾಧ್ಯವಾದರೆ ಸಿಕ್ಕಿದ ಎಡೆಯ ಸಮೀಪದಲ್ಲಿಯೇ, ಬಿಟ್ಟುಬಿಡುವರು. ಮರಿಗಳನ್ನಾದರೋ ಮನುಷ್ಯರ ಬಳಕೆಯಾಗದಂತೆ, ತಮ್ಮ ಜಾತಿಯವರೊಡನೆಯೇ ಸಾಕುವರು. ಮನುಷ್ಯನನ್ನು ತಾಯಿಯೆಂದು ನಂಬಿದ ಗೂಬೆಯು ಕಾಡಿನಲ್ಲಿ ಬಾಳಲಾರದು.

ಗೃಹಸ್ಥರು ಮಾಡತಕ್ಕುದು ಸ್ವಲ್ಪವೇ. ಗಾಯವಿಲ್ಲದ ಮರಿಯು ನೆಲದಲ್ಲಿ ಕಂಡರೆ ಗೂಡಿಗೆ ಸೇರಿಸಿ ದೂರ ನಿಲ್ಲಬೇಕು. ಕೈ ಸೋಕಿತೆಂದು ತಾಯಿಯು ಅದನ್ನು ತೊರೆಯುವುದಿಲ್ಲ. ಗಾಯವಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕತ್ತಲೆಯಲ್ಲಿಟ್ಟು, ಬಾಯಿಗೆ ಏನನ್ನೂ ಹಾಕದೆ, ಅರಣ್ಯ ಇಲಾಖೆಗಾಗಲಿ ಇಂತಹ ಆಸ್ಪತ್ರೆಗಾಗಲಿ ಒಡನೆಯೇ ತಿಳಿಸಬೇಕು. ಗೂಬೆಯನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಆದರೂ ಮಾಟಮಂತ್ರಗಳಿಗಾಗಿ ಈ ವ್ಯಾಪಾರವು ನಡೆಯುವುದೆಂದೂ, ದೀಪಾವಳಿಯ ಕಾಲದಲ್ಲಿ ಹೆಚ್ಚುವುದೆಂದೂ ಟ್ರಾಫಿಕ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ವರದಿಯು ತಿಳಿಸಿತು. ದೀಪ ಹಚ್ಚಿ ಲಕ್ಷ್ಮಿಯನ್ನು ಕರೆಯುವ ರಾತ್ರಿಯಲ್ಲಿಯೇ ಆಕೆಯ ವಾಹನವನ್ನು ಬಲಿಗೊಡುವುದಕ್ಕಿಂತ ಅವಿವೇಕವುಂಟೆ? ಪ್ಲಾಸ್ಟಿಕ್ ಮಾಂಜಾವನ್ನಂತೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2017ರಲ್ಲಿಯೇ ನಿಷೇಧಿಸಿತು. ಮಕ್ಕಳ ಕೈಗೆ ಅದು ಬಾರದಂತೆ ನೋಡಿಕೊಳ್ಳುವುದು ತಂದೆತಾಯಿಗಳ ಕೆಲಸ.

ಎರಡು ತಿಂಗಳ ಮೇಲೆ ವಿಚಾರಿಸಲಾಗಿ, ನಮ್ಮ ಗೂಬೆಯ ರೆಕ್ಕೆಯ ನರವು ಕೂಡಲಿಲ್ಲವೆಂದೂ, ಇನ್ನು ಅದು ಅಲ್ಲಿಯೇ ಬಾಳಬೇಕೆಂದೂ ತಿಳಿಯಿತು. ಒಂದು ಸಲ ದೂರದಿಂದ ನೋಡಲು ಅನುಮತಿ ಸಿಕ್ಕಿತು. ಕೊಂಬೆಯ ಮೇಲೆ ಕುಳಿತಿದ್ದ ಅದು ನನ್ನನ್ನು ಒಮ್ಮೆ ದಿಟ್ಟಿಸಿ ಮುಖವನ್ನು ಬೆನ್ನ ಕಡೆಗೆ ತಿರುಗಿಸಿಕೊಂಡಿತು. ನನಗೆ ಬೇಸರವಾಗಲಿಲ್ಲ. ಹಾರಲಾರದಿದ್ದರೂ ಅದು ಇನ್ನೂ ಗೂಬೆಯಾಗಿಯೇ ಉಳಿದಿದ್ದಿತು.

ಈಗ ಊರಿನ ಮನೆಯ ಸೂರಿನ ಮೇಲೆ ಇರುಳಿನಲ್ಲಿ ಗೂಬೆ ಕೂಗಿದರೆ ಮನೆಯಾಕೆಯು ದೇವರ ದೀಪವನ್ನು ದೊಡ್ಡದು ಮಾಡುವುದಿಲ್ಲ. ಅಪಶಕುನವೇನಿದ್ದರೂ ಕಣಜದ ಇಲಿಗಳಿಗೆ, ಎಂದು ನಕ್ಕು ಮಲಗುತ್ತಾಳೆ.