ಎದೆಮಟ್ಟದ ಟ್ರೈಪಾಡ್ ಸಾಕು

ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಅಣೆಕಟ್ಟೆಯಿಂದ ಧುಮುಕುವ ಹೇಮಾವತಿ ಚಿತ್ರದಲ್ಲಿ ಹಾಲಿನಂತೆ ಹರಿಯಬೇಕಾದರೆ ಶಟರ್ ಒಂದೆರಡು ಸೆಕೆಂಡಾದರೂ ತೆರೆದಿರಬೇಕು. ಅಷ್ಟು ಹೊತ್ತು ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಮೀಡಿಯಂ ಫಾರ್ಮ್ಯಾಟ್ ಹಿಡಿದವರಿಗೆ ಈ ಕಷ್ಟ ಒಂದು ಕೈ ಹೆಚ್ಚು. 35 ಮಿ.ಮೀ. ಕ್ಯಾಮೆರಾದಲ್ಲಿ 50ರ ಲೆನ್ಸ್ ಮಾಡುವ ಕೆಲಸಕ್ಕೆ 6×6ರಲ್ಲಿ 80ರ ಲೆನ್ಸ್ ಬೇಕು. ಲೆನ್ಸ್ ಉದ್ದವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಿರಿದಾಗುತ್ತದೆ. ಅದನ್ನು ಸರಿದೂಗಿಸಲು ಎಫ್/16ಕ್ಕೋ 22ಕ್ಕೋ ಇಳಿದರೆ ಶಟರ್ ಇನ್ನಷ್ಟು ನಿಧಾನ.

ಗಟ್ಟಿ ಟ್ರೈಪಾಡ್ ಬೇಕೆಂಬುದೇನೋ ಸರಿ, ಅದನ್ನು ಹೊರುವವರು ಯಾರು? ಮಾಮಿಯಾ ಆರ್‌ಬಿ67 ಒಂದೇ ಎರಡೂವರೆ ಕಿಲೋ ದಾಟುತ್ತದೆ. ಅದರ ಜೊತೆ ಭಾರದ ಕಾಲುಗಳನ್ನೂ ಹೆಗಲಿಗೇರಿಸಿಕೊಂಡು ಪಾಂಡವಪುರದ ಕುಂತಿಬೆಟ್ಟವನ್ನೋ ಮೇಲುಕೋಟೆಯ ಯೋಗನರಸಿಂಹನ ಮೆಟ್ಟಿಲುಗಳನ್ನೋ ಹತ್ತಿದರೆ, ಮೇಲೆ ತಲುಪುವಷ್ಟರಲ್ಲಿ ಚಿತ್ರ ತೆಗೆಯುವ ಉತ್ಸಾಹವೇ ಇಳಿದಿರುತ್ತದೆ.

ತೂಕ ಉಳಿಸಬೇಕಾದದ್ದು ಎತ್ತರದಲ್ಲಿ, ಕಾಲಿನ ದಪ್ಪದಲ್ಲಲ್ಲ. ಯಾಶಿಕಾ ಮ್ಯಾಟ್, ರೋಲಿಫ್ಲೆಕ್ಸ್, ಹ್ಯಾಸಲ್‌ಬ್ಲಾಡ್ 500 ಸಿ/ಎಂ ಎಲ್ಲದರಲ್ಲೂ ಮೇಲಿನಿಂದ ಬಗ್ಗಿ ಗಾಜಿನ ಮೇಲೆ ಬಿಂಬ ನೋಡುತ್ತೇವೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಏರುವ ಅಗತ್ಯವೇ ಇಲ್ಲ, ಎದೆಮಟ್ಟ ಸಾಕು. ಹಾಗಾಗಿ ಮೂರು ತುಂಡಿನ ದಪ್ಪ ಕಾಲಿನ ಗಿಡ್ಡ ಟ್ರೈಪಾಡ್ ಕೊಳ್ಳಿ. ಐದು ತುಂಡಿನದು ಮಡಚಿದಾಗ ಚಿಕ್ಕದಾಗಿ ಕಂಡೀತು, ಆದರೆ ಅದರ ಕೊನೆಯ ತುಂಡು ಬೆರಳಿಗಿಂತ ತೆಳ್ಳಗಿರುತ್ತದೆ. ನಡುವಿನ ಕಂಬ ಎತ್ತಿದರಂತೂ ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದ ಹಾಗೆ. ಆ ಕಂಬವೇ ಇಲ್ಲದ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.

ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯಲ್ಲಿ ಇದರ ಬೆಲೆ ತಿಳಿಯುತ್ತದೆ. 13ನೇ ಶತಮಾನದ ಆ ಗುಡಿಯ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಆಮೇಲೆ ರಾಮಾಯಣ, ಮಹಾಭಾರತದ ಕಥೆಗಳು. ಇವನ್ನು ತೆಗೆಯಲು ಕಾಲುಗಳನ್ನು ಅಗಲಿಸಿ ಕ್ಯಾಮೆರಾವನ್ನು ಮಂಡಿಯ ಮಟ್ಟಕ್ಕೆ ಇಳಿಸಬೇಕು. ನಡುಗಂಬ ಉದ್ದವಿದ್ದರೆ ಅದು ನೆಲಕ್ಕೆ ತಾಗಿ ಅಲ್ಲೇ ತಡೆಯುತ್ತದೆ. ಇಂಥದೇ ಹೊಯ್ಸಳ ಕೆತ್ತನೆಗಳನ್ನು ಛಾಯಾಗ್ರಾಹಕ ಲಿನಿಯಸ್ ಟ್ರೈಪ್ 1854ರಷ್ಟು ಹಿಂದೆಯೇ ಹಳೇಬೀಡು, ಬೇಲೂರುಗಳಲ್ಲಿ ಕಾಗದದ ನೆಗೆಟಿವ್ ಮೇಲೆ ಹಿಡಿದಿದ್ದ. ಅಲುಗದ ಆಸರೆ ಇಲ್ಲದೆ ಆ ಕೆಲಸ ಆಗುತ್ತಲೇ ಇರಲಿಲ್ಲ.

ಗಿಟ್ಜೊ ಕಂಪನಿ 1994ರಲ್ಲಿ ಕಾರ್ಬನ್ ಫೈಬರ್ ಕಾಲುಗಳನ್ನು ತಂದ ಮೇಲೆ ಹೊರುವವರ ಹೆಗಲು ಹಗುರಾಯಿತು. ಅಲ್ಯೂಮಿನಿಯಂಗಿಂತ ತೂಕ ಕಡಿಮೆ, ಕಂಪನವೂ ಬೇಗ ಅಡಗುತ್ತದೆ. ಬೆಲೆ ಮಾತ್ರ ಜಾಸ್ತಿ. ದುಡ್ಡು ಸಾಲದಿದ್ದರೆ ತೆಳ್ಳನೆಯ ಕಾರ್ಬನ್‌ಗಿಂತ ದಪ್ಪ ಅಲ್ಯೂಮಿನಿಯಂ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಡಬ್ಬಿಯ ಮೇಲಿನ 'ಇಷ್ಟು ಕಿಲೋ ಹೊರುತ್ತದೆ' ಎಂಬ ಅಂಕಿಯನ್ನು ನಂಬಿ ಕೊಳ್ಳಬೇಡಿ, ಒಂದೊಂದು ಕಂಪನಿಯ ಅಳತೆ ಒಂದೊಂದು ಥರ. ಅಂಗಡಿಯಲ್ಲೇ ಕಾಲುಗಳನ್ನು ಪೂರ್ತಿ ಎಳೆದು, ತಲೆಯನ್ನು ಹಿಡಿದು ಎಡಬಲಕ್ಕೆ ತಿರುಚಿ ನೋಡಿ. ನಿಮ್ಮದೇ ಕ್ಯಾಮೆರಾ ಕೂರಿಸಿ, ಕಾಲಿಗೆ ಬೆರಳಲ್ಲಿ ತಟ್ಟಿ, ಗಾಜಿನ ಮೇಲಿನ ಬಿಂಬ ಎಷ್ಟು ಬೇಗ ನಿಲ್ಲುತ್ತದೆಂದು ಗಮನಿಸಿ.

ಕ್ಯಾಮೆರಾದ ಸ್ವಭಾವವೂ ಲೆಕ್ಕಕ್ಕೆ ಬರಬೇಕು. ಯಾಶಿಕಾ ಮ್ಯಾಟ್‌ನ ಕನ್ನಡಿ ಕದಲುವುದಿಲ್ಲ, ಶಟರ್ ಲೆನ್ಸಿನೊಳಗೇ ಇದೆ. ಅದಕ್ಕೆ ಹಗುರ ಕಾಲೂ ನಡೆದೀತು. ಪೆಂಟಾಕ್ಸ್ 67ರ ದೊಡ್ಡ ಕನ್ನಡಿ ಎದ್ದರೆ ಏಟು ಕೈಗೇ ತಾಗುತ್ತದೆ. ಅಂಥದಕ್ಕೆ ಕನ್ನಡಿಯನ್ನು ಮೊದಲೇ ಎತ್ತಿ ಕೇಬಲ್ ರಿಲೀಸ್ ಒತ್ತಬೇಕು. ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ಯಾವ ಟ್ರೈಪಾಡೂ ಉಪಯೋಗಕ್ಕೆ ಬಾರದು, ಕಾಲೂರಿದ ನೆಲವೇ ತೇಲುತ್ತಿರುತ್ತದೆ.

ಹೊಳೆಯ ಮರಳಿನಿಂದ ಬಂದ ದಿನವೇ ಕಾಲಿನ ತಿರುಪುಗಳನ್ನು ಬಿಚ್ಚಿ ತೊಳೆದು ಒಣಗಿಸಿ. ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಟ್ರೈಪಾಡ್ ಹೂಡಲು ಮೊದಲೇ ಅನುಮತಿ ಪಡೆಯಿರಿ. ಬಂಡೆಯ ಮೇಲೆ ಹಿಡಿತಕ್ಕೆಂದು ಕೊಡುವ ಕಬ್ಬಿಣದ ಮುಳ್ಳುಗಳನ್ನು ಗುಡಿಯ ಬಾಗಿಲಲ್ಲೇ ತೆಗೆದು ರಬ್ಬರ್ ಬುಡ ಹಾಕಿಕೊಳ್ಳಿ. ಬಳಪದ ಕಲ್ಲು ಮೆದು, ಒಮ್ಮೆ ಗೀರು ಬಿದ್ದರೆ ಹೋಗುವುದಿಲ್ಲ.